ನೆನಪಿದ್ದ ಒಂದೇ ನಂಬರು

2024ರ ಮಾರ್ಚ್ ತಿಂಗಳ ಒಂದು ಶುಕ್ರವಾರ. ನಮ್ಮ ಸಂಘದ ಯುಗಾದಿ ಕಾರ್ಯಕ್ರಮಕ್ಕೆ ನಾಟಕದ ರಿಹರ್ಸಲ್ ನಡೀತಾ ಇತ್ತು. ಮಾವನ ಪಾತ್ರ ಮಾಡಬೇಕಿದ್ದ ಗೆಳೆಯ ಬರಲೇ ಇಲ್ಲ. ಫೋನ್ ರಿಂಗಾಗುತ್ತಿತ್ತು, ಎತ್ತುತ್ತಿರಲಿಲ್ಲ. ಎಂಟು ಗಂಟೆಯವರೆಗೆ ಬೈದುಕೊಂಡೆವು. ಹತ್ತು ಗಂಟೆಗೆ ಹೆದರಿಕೆ ಶುರುವಾಯಿತು. ಆಸ್ಪತ್ರೆಗೆ ಫೋನ್ ಮಾಡಿದೆವು, ಲ್ಯಾಬಿಗೆ ಹೋಗಿ ನೋಡಿದೆವು. ರಾತ್ರಿ ಎರಡು ಗಂಟೆಗೆ ರೂಮ್‌ಮೇಟ್ ಒಬ್ಬನಿಗೆ ಏನು ಹೊಳೆಯಿತೋ, ಕೌಂಟಿ ಶೆರಿಫ್ ಕಚೇರಿಯ ವೆಬ್‌ಸೈಟ್ ತೆಗೆದ. ಅಲ್ಲಿ ಕಿತ್ತಳೆ ಬಣ್ಣದ ಬಟ್ಟೆ ಹಾಕಿಕೊಂಡು, ಕಣ್ಣು ಕೆಂಪಗೆ ಮಾಡಿಕೊಂಡು ನಿಂತಿದ್ದ ನಮ್ಮ ಮಾವ.

ಆಗಿದ್ದು ಇಷ್ಟು. ಆರು ತಿಂಗಳ ಹಿಂದೆ ಅವನಿಗೊಂದು ಸ್ಪೀಡಿಂಗ್ ಟಿಕೆಟ್ ಬಿದ್ದಿತ್ತು. ಕಟ್ಟಲು ಮರೆತಿದ್ದ. ಅಷ್ಟರಲ್ಲಿ ಅಪಾರ್ಟ್‌ಮೆಂಟ್ ಬದಲಾಯಿಸಿದ. ಲೈಸೆನ್ಸ್ ಅಮಾನತಾದ ಪತ್ರ ಹಳೇ ವಿಳಾಸಕ್ಕೆ ಹೋಗಿತ್ತು. ಆ ಸಂಜೆ ಹಿಂದಿನ ದೀಪ ಉರೀತಿಲ್ಲ ಅಂತ ಪೊಲೀಸರು ಕಾರು ನಿಲ್ಲಿಸಿ ನೋಡಿದರೆ ಲೈಸೆನ್ಸೇ ಇಲ್ಲ. ನೇರ ಕೌಂಟಿ ಜೈಲು.

ಒಳಗೆ ಹೋದ ಕೂಡಲೇ ಫೋನು, ಪರ್ಸು, ಬೆಲ್ಟು ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಸೀಲ್ ಮಾಡಿದರು. ಗೋಡೆಯ ಮೇಲೊಂದು ಫೋನಿತ್ತು. "ಯಾರಿಗೆ ಬೇಕಾದ್ರೂ ಮಾಡ್ಕೋ" ಅಂದರು. ಆದರೆ ಯಾರ ನಂಬರ್ ಗೊತ್ತಿದೆ? ಅವನಿಗೆ ಬಾಯಿಪಾಠ ಇದ್ದದ್ದು ಎರಡೇ ನಂಬರು. ಒಂದು ಅವನದೇ ಮೊಬೈಲ್ ನಂಬರು, ಆ ಮೊಬೈಲು ಪ್ಲಾಸ್ಟಿಕ್ ಚೀಲದಲ್ಲಿತ್ತು. ಇನ್ನೊಂದು ದಾವಣಗೆರೆಯ ಮನೆಯ ಲ್ಯಾಂಡ್‌ಲೈನು. ಒಂದನೇ ಕ್ಲಾಸಿನಲ್ಲಿ ಅಮ್ಮ ಕಂಠಪಾಠ ಮಾಡಿಸಿದ್ದು, "ಎಲ್ಲಾದ್ರೂ ಕಳೆದುಹೋದ್ರೆ ಇದಕ್ಕೆ ಫೋನ್ ಮಾಡು" ಅಂತ. ಅವನು ಆ ನಂಬರನ್ನು ನಾಲ್ಕು ಸಲ ಒತ್ತಿದ. ಹೊರದೇಶಕ್ಕೆ ಕರೆ ಹೋಗುವುದಿಲ್ಲ ಎಂದು ಯಂತ್ರದ ದನಿ ನಾಲ್ಕು ಸಲವೂ ಹೇಳಿತು.

ನಾವು ಹನ್ನೊಂದು ಜನ ಇಪ್ಪತ್ತು ನಿಮಿಷದಲ್ಲಿ 500 ಡಾಲರ್ ಜಾಮೀನು ಒಟ್ಟುಮಾಡಿದೆವು. ಶನಿವಾರ ಮಧ್ಯಾಹ್ನ ಹೊರಗೆ ಬಂದ. ಒಟ್ಟು 17 ಗಂಟೆ. ಚೀಲ ಬಿಚ್ಚಿ ಫೋನ್ ನೋಡಿದರೆ ಅಮ್ಮನ 14 ಮಿಸ್ಡ್ ಕಾಲ್. ಅಲ್ಲೇ ಪಾರ್ಕಿಂಗ್ ಲಾಟಿನಲ್ಲಿ ನಿಂತು ಮನೆಗೆ ಫೋನ್ ಮಾಡಿ, "ಚಾರ್ಜ್ ಖಾಲಿ ಆಗಿತ್ತಮ್ಮಾ" ಅಂದ. ಅವನ ಒಪ್ಪಿಗೆ ತೆಗೆದುಕೊಂಡೇ ಇದನ್ನೆಲ್ಲ ಬರೆಯುತ್ತಿದ್ದೇನೆ. ಆಂಟಿ ನಮ್ಮ ಇ-ಪುಸ್ತಿಕೆ ಓದುವುದಿಲ್ಲ ಎನ್ನುವ ಧೈರ್ಯದ ಮೇಲೆ.

ಇದನ್ನು ನಾವು ಈಗ ಪಾರ್ಟಿಗಳಲ್ಲಿ ಹೇಳಿಕೊಂಡು ನಗುತ್ತೇವೆ. ಆದರೆ ಆ 17 ಗಂಟೆ ನನ್ನ ತಲೆಯಿಂದ ಹೋಗಲಿಲ್ಲ. ಅದೇ ವರ್ಷ ಆಗಸ್ಟಿನಲ್ಲಿ ನಮ್ಮ ಕ್ಯಾಂಪಸ್ಸಿನ ಸ್ವಯಂಸೇವಕರ ಗುಂಪೊಂದು ಪಕ್ಕದ ಕೌಂಟಿ ಜೈಲಿನಲ್ಲಿ ಗಣಿತ ಹೇಳಿಕೊಡಲು ಜನ ಬೇಕು ಅಂದಾಗ ಹೆಸರು ಕೊಟ್ಟೆ. ಬ್ಯಾಕ್‌ಗ್ರೌಂಡ್ ಚೆಕ್ ಆಯಿತು, ಅರ್ಧ ದಿನದ ತರಬೇತಿ ಆಯಿತು. ವಾರಕ್ಕೊಮ್ಮೆ, ಗುರುವಾರ ಸಂಜೆ ಒಂದೂವರೆ ಗಂಟೆ. ಅಲ್ಲಿ ನೋಡಿದ್ದು, ಆಮೇಲೆ ಓದಿ ತಿಳಿದದ್ದು ಸೇರಿ ನನಗೆ ಒಂದು ಅಭಿಪ್ರಾಯ ಬಂದಿದೆ. ಒಳಗಿರುವವರಿಗೆ ಮನೆಗೆ ಮಾತಾಡುವ ಫೋನು ಉಚಿತವಾಗಿರಬೇಕು, ಮತ್ತು ಒಳಗೆ ಹೋಗುವ ಅಗತ್ಯವೇ ಇಲ್ಲದವರನ್ನು ಒಳಗೆ ಹಾಕಬಾರದು. ಇದು ದಯೆಯ ಮಾತು ಅಂತ ಅನ್ನಿಸಬಹುದು. ಲೆಕ್ಕದ ಮಾತೂ ಹೌದು.

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ನಾವು ಕನ್ನಡದಲ್ಲಿ ಎಲ್ಲಕ್ಕೂ ಜೈಲು ಅಂತೀವಿ. ಈ ದೇಶದಲ್ಲಿ ಜೈಲು ಬೇರೆ, ಪ್ರಿಸನ್ ಬೇರೆ. ಪ್ರಿಸನ್ ಅಂದರೆ ಶಿಕ್ಷೆ ಆದವರು ವರ್ಷಗಟ್ಟಲೆ ಇರುವ ಜಾಗ, ರಾಜ್ಯ ಅಥವಾ ಫೆಡರಲ್ ಸರ್ಕಾರದ್ದು. ಜೈಲು ಸಾಮಾನ್ಯವಾಗಿ ಕೌಂಟಿಯದ್ದು, ಹೆಚ್ಚಿನ ಕಡೆ ಚುನಾಯಿತ ಶೆರಿಫ್ ನಡೆಸುತ್ತಾರೆ. ಆಗಷ್ಟೇ ಹಿಡಿದು ತಂದವರು, ವಿಚಾರಣೆಗೆ ಕಾಯುತ್ತಿರುವವರು, ಸಣ್ಣ ಸಜೆ ಆದವರು ಅಲ್ಲಿರುತ್ತಾರೆ. 2023ರ ಸರ್ಕಾರಿ ಅಂಕಿಅಂಶದಂತೆ ಯಾವುದೇ ಒಂದು ದಿನ ದೇಶದ ಸ್ಥಳೀಯ ಜೈಲುಗಳಲ್ಲಿದ್ದವರು ಸುಮಾರು 6,64,000 ಜನ. ಅವರಲ್ಲಿ ನೂರಕ್ಕೆ 70 ಮಂದಿಯ ಮೇಲೆ ಅಪರಾಧ ಇನ್ನೂ ಸಾಬೀತಾಗಿರಲಿಲ್ಲ.

ನಾನು ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ವಿದ್ಯಾರ್ಥಿ. ನಮ್ಮಲ್ಲಿ ಲಿಟಲ್‌ನ ನಿಯಮ ಅಂತ ಒಂದಿದೆ. ಬ್ಯಾಂಕಿನ ಕ್ಯೂ ಆಗಲಿ, ಎಂಟಿಆರ್ ಮುಂದಿನ ಕ್ಯೂ ಆಗಲಿ, ಒಳಗಿರುವ ಜನರ ಸಂಖ್ಯೆ ಅಂದರೆ ದಿನಕ್ಕೆ ಬರುವವರ ಸಂಖ್ಯೆಯನ್ನು ಒಬ್ಬೊಬ್ಬರು ಇರುವ ಅವಧಿಯಿಂದ ಗುಣಿಸಿದ್ದು. 2023ರಲ್ಲಿ ಈ ಜೈಲುಗಳಿಗೆ ಆದ ಪ್ರವೇಶ ಸುಮಾರು 76 ಲಕ್ಷ, ಅಂದರೆ ದಿನಕ್ಕೆ 21 ಸಾವಿರದ ಹತ್ತಿರ. ಒಬ್ಬರು ಇರುವ ಸರಾಸರಿ ಅವಧಿ 32 ದಿನ. ಗುಣಿಸಿ ನೋಡಿ, ಉತ್ತರ ಆರೂಮುಕ್ಕಾಲು ಲಕ್ಷದ ಆಸುಪಾಸಿಗೆ ಬಂದು ಕೂರುತ್ತದೆ. ಜೈಲು ಅಂದರೆ ಜನ ಬಂದು ಉಳಿದುಬಿಡುವ ಜಾಗ ಅಂತ ನಾನು ಅಂದುಕೊಂಡಿದ್ದೆ. ನಿಜವಾಗಿ ಅದು ಬಸ್ ಸ್ಟ್ಯಾಂಡಿನ ಹಾಗೆ. ಬಂದವರಲ್ಲಿ ಬಹುತೇಕರು ಒಂದು ತಿಂಗಳಲ್ಲಿ ನಮ್ಮ ನಡುವೆಯೇ ಓಡಾಡುತ್ತಿರುತ್ತಾರೆ. ವಾಲ್‌ಮಾರ್ಟಿನ ಕ್ಯೂನಲ್ಲಿ ನಮ್ಮ ಹಿಂದೆ ನಿಂತಿರುತ್ತಾರೆ. ಆ ಒಂದು ತಿಂಗಳಲ್ಲಿ ಅವರ ಕೆಲಸ ಉಳಿಯಿತೇ, ಬಾಡಿಗೆ ಮನೆ ಉಳಿಯಿತೇ, ಮಕ್ಕಳ ಜೊತೆ ಮಾತು ಉಳಿಯಿತೇ ಎನ್ನುವುದು ಹಾಗಾಗಿ ಇಡೀ ಊರಿನ ವಿಷಯ.

ಈಗ ಫೋನಿನ ವಿಷಯಕ್ಕೆ ಬರೋಣ. ನನ್ನ ಮೊದಲ ಕ್ಲಾಸಿಗೆ ಪಠ್ಯಪುಸ್ತಕದಿಂದ ಒಂದು ಲೆಕ್ಕ ತೆಗೆದುಕೊಂಡು ಹೋಗಿದ್ದೆ, ಪಿಜ್ಜಾ ಹಂಚುವ ಭಿನ್ನರಾಶಿ ಲೆಕ್ಕ. ಹಿಂದೆ ಕೂತಿದ್ದ ಒಬ್ಬ, ನನ್ನ ಚಿಕ್ಕಪ್ಪನ ವಯಸ್ಸಿನವನು, "ಟೀಚರ್, ಪಿಜ್ಜಾ ಬೇಡ, ಫೋನಿನ ಲೆಕ್ಕ ಹೇಳಿಕೊಡಿ" ಅಂದ. ಅವನ ಅಕ್ಕ ಅವನ ಫೋನ್ ಖಾತೆಗೆ 10 ಡಾಲರ್ ಹಾಕಿದ್ದಳು. ಕಾರ್ಡಿನಲ್ಲಿ ಹಾಕಿದ್ದಕ್ಕೆ 3 ಡಾಲರ್ ಶುಲ್ಕ ಹೋಯಿತು. ನಿಮಿಷಕ್ಕೆ 21 ಸೆಂಟ್. ಎಷ್ಟು ನಿಮಿಷ ಸಿಗುತ್ತೆ? ಉತ್ತರ 33. ಅವನಿಗೆ ಇಬ್ಬರು ಮಕ್ಕಳು, ಒಬ್ಬ ವಯಸ್ಸಾದ ತಾಯಿ. 33ನ್ನು ಮೂರರಿಂದ ಭಾಗಿಸಿದರೆ ಹನ್ನೊಂದು. "ಅಮ್ಮನ ಕಿವಿ ಮಂದ, ಎಲ್ಲಾ ಎರಡೆರಡು ಸಲ ಹೇಳಬೇಕು, ಅವಳಿಗೆ ಹದಿನೈದು ಕೊಡ್ತೀನಿ" ಅಂತ ಉಳಿದದ್ದನ್ನು ಮಕ್ಕಳಿಗೆ ಒಂಬತ್ತೊಂಬತ್ತು ಅಂತ ಹಂಚಿದ. ನನ್ನ ಇಡೀ ಡಿಗ್ರಿಯಲ್ಲಿ ಯಾರೂ ಇಷ್ಟು ಶ್ರದ್ಧೆಯಿಂದ ಭಾಗಾಕಾರ ಮಾಡಿದ್ದನ್ನು ನಾನು ನೋಡಿಲ್ಲ.

ನಮಗೆ ಭಾರತಕ್ಕೆ ವಾಟ್ಸ್ಯಾಪ್ ಕರೆ ಪುಕ್ಕಟೆ. ಅದೇ ಊರಿನ ಎರಡು ಬೀದಿ ಆಚೆಗೆ ಮಾತಾಡಲು ಅವನಿಗೆ ನಿಮಿಷಕ್ಕೆ 21 ಸೆಂಟ್ ಯಾಕೆ ಬೀಳುತ್ತಿತ್ತು? ಕಾರಣ ಸರಳ. ಒಳಗಿರುವವರಿಗೆ ಬೇರೆ ಕಂಪನಿ ಆರಿಸಿಕೊಳ್ಳುವ ಹಾಗಿಲ್ಲ. ಜೈಲು ಒಂದು ಕಂಪನಿಗೆ ಗುತ್ತಿಗೆ ಕೊಡುತ್ತದೆ. ಬಹಳ ಕಡೆ ಆ ಕಂಪನಿ ತನ್ನ ಆದಾಯದಲ್ಲಿ ಒಂದು ಪಾಲನ್ನು ಕೌಂಟಿಗೋ ಶೆರಿಫ್ ಕಚೇರಿಗೋ ಕಮಿಷನ್ ಆಗಿ ಕೊಡುತ್ತಾ ಬಂದಿದೆ. ಟೆಂಡರ್ ಅಂದರೆ ಕಡಿಮೆ ದರ ಹೇಳಿದವರಿಗೆ ಸಿಗಬೇಕು ಅಂತ ನಾವು ಓದಿದ್ದೇವೆ. ಇಲ್ಲಿ ಹೆಚ್ಚು ಕಮಿಷನ್ ಹೇಳಿದವರಿಗೆ ಸಿಗುವ ಆಕರ್ಷಣೆ ಇರುತ್ತದೆ. ಬಿಲ್ ಕಟ್ಟುವವರು ಟೆಂಡರಿನ ಕೋಣೆಯಲ್ಲೇ ಇರುವುದಿಲ್ಲ. ಕಟ್ಟುವವರು ಹೆಚ್ಚಾಗಿ ಹೆಂಗಸರು: ತಾಯಿ, ಹೆಂಡತಿ, ಅಕ್ಕ.

ಇದನ್ನು ಪ್ರಶ್ನಿಸಿದ್ದು ಒಬ್ಬ ಅಜ್ಜಿ. ವಾಷಿಂಗ್ಟನ್ ಡಿ.ಸಿ.ಯ ಮಾರ್ಥಾ ರೈಟ್. ಸೆರೆಯಲ್ಲಿದ್ದ ಮೊಮ್ಮಗನ ಜೊತೆ ಮಾತಾಡಲು ಆಗುತ್ತಿದ್ದ ಖರ್ಚು ತಾಳಲಾರದೆ 2000ದಲ್ಲಿ ಕೋರ್ಟಿಗೆ ಹೋದರು. 2003ರಲ್ಲಿ ದೂರಸಂಪರ್ಕ ನಿಯಂತ್ರಿಸುವ ಎಫ್‌ಸಿಸಿಗೆ ಅರ್ಜಿ ಹಾಕಿದರು. ಎಫ್‌ಸಿಸಿ ಹತ್ತು ವರ್ಷ ತೆಗೆದುಕೊಂಡು 2013ರಲ್ಲಿ ರಾಜ್ಯದಿಂದ ರಾಜ್ಯಕ್ಕೆ ಹೋಗುವ ಕರೆಗಳಿಗೆ ಮೊದಲ ಮಿತಿ ಹಾಕಿತು. ರಾಜ್ಯದ ಒಳಗಿನ ಕರೆಗೆ ಮಿತಿ ಹಾಕುವ ಅಧಿಕಾರ ನಿನಗಿಲ್ಲ ಎಂದು 2017ರಲ್ಲಿ ಕೋರ್ಟು ಹೇಳಿತು. ಕೊನೆಗೆ 2023ರ ಜನವರಿಯಲ್ಲಿ ಆ ಅಧಿಕಾರ ಕೊಡುವ ಕಾನೂನಿಗೆ ಅಧ್ಯಕ್ಷರ ಸಹಿ ಬಿತ್ತು. ಕಾನೂನಿಗೆ ಅಜ್ಜಿಯದೇ ಹೆಸರು. ಅದನ್ನು ನೋಡಲು ಅಜ್ಜಿ ಬದುಕಿರಲಿಲ್ಲ.

2024ರ ಜುಲೈನಲ್ಲಿ ಎಫ್‌ಸಿಸಿ ಹೊಸ ಮಿತಿ ಪ್ರಕಟಿಸಿತು. ದೊಡ್ಡ ಜೈಲುಗಳಲ್ಲಿ ನಿಮಿಷಕ್ಕೆ 6 ಸೆಂಟ್, ತೀರಾ ಚಿಕ್ಕ ಜೈಲುಗಳಲ್ಲಿ 12 ಸೆಂಟ್. ದೊಡ್ಡ ಜೈಲಿನಿಂದ 15 ನಿಮಿಷ ಮಾತಾಡಲು ಕೆಲವು ಕಡೆ 11.35 ಡಾಲರ್‌ವರೆಗೆ ಇದ್ದದ್ದು 90 ಸೆಂಟಿಗೆ ಇಳಿಯುತ್ತದೆ ಎಂದು ಆಯೋಗವೇ ಹೇಳಿತು. ನನ್ನ ಕ್ಲಾಸಿನಲ್ಲಿ ಆ ಸುದ್ದಿ ಹೇಳಿದಾಗ ಎಲ್ಲರೂ ಹೊಸ ದರದಲ್ಲಿ ಲೆಕ್ಕ ಹಾಕಲು ಪೆನ್ಸಿಲ್ ಹಿಡಿದರು. ಆದರೆ 2025ರಲ್ಲಿ ಅದೇ ಆಯೋಗ ಜಾರಿಯನ್ನು ಮುಂದೂಡಿತು, ಆಮೇಲೆ ಮಿತಿಯನ್ನೇ ಮೇಲಕ್ಕೆ ಏರಿಸಿತು.

ಉಚಿತ ಮಾಡಲು ಸಾಧ್ಯವೇ ಇಲ್ಲ ಅಂತ ಹೇಳುವವರಿಗೆ ಉತ್ತರ ಈಗಾಗಲೇ ಇದೆ. ನ್ಯೂಯಾರ್ಕ್ ನಗರದ ಜೈಲುಗಳಲ್ಲಿ 2019ರಿಂದ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2020ರಿಂದ ಕರೆ ಉಚಿತ. ಮ್ಯಾಸಚೂಸೆಟ್ಸ್ 2023ರ ಡಿಸೆಂಬರಿನಿಂದ ಪ್ರಿಸನ್ನು, ಜೈಲು ಎರಡರಲ್ಲೂ ಉಚಿತ ಮಾಡಿದೆ. ಅಲ್ಲೆಲ್ಲ ಆಕಾಶ ಕಳಚಿ ಬಿದ್ದಿಲ್ಲ. ಉಚಿತವಾದರೂ ಕರೆಗಳು ಮೊದಲಿನಂತೆ ರೆಕಾರ್ಡ್ ಆಗುತ್ತವೆ, ಹಾಗಾಗಿ ಭದ್ರತೆಯ ಪ್ರಶ್ನೆಗೂ ದುಡ್ಡಿಗೂ ಸಂಬಂಧ ಇಲ್ಲ. ಕಮಿಷನ್ ದುಡ್ಡಿನಿಂದಲೇ ಒಳಗಿನವರಿಗೆ ಟಿವಿ, ಪುಸ್ತಕ ಕೊಡುತ್ತೇವೆ ಅಂತ ಕೆಲವು ಶೆರಿಫ್‌ಗಳು ಹೇಳುತ್ತಾರೆ. ಇರಬಹುದು. ಹಾಗಿದ್ದರೆ ಆ ಟಿವಿಯನ್ನು ಕೊಡಿಸುತ್ತಿರುವವಳು ಊರಿನ ಅತ್ಯಂತ ಬಡ ತಾಯಿ. ಕೌಂಟಿಯ ಖರ್ಚನ್ನು ಕೌಂಟಿಯೇ ಭರಿಸಲಿ.

ಮಾತಿನಿಂದ ಏನಾಗುತ್ತೆ ಅಂತ ಕೇಳಬಹುದು. ಮಿನೆಸೋಟ ರಾಜ್ಯದ ಬಂದೀಖಾನೆ ಇಲಾಖೆ 16 ಸಾವಿರಕ್ಕೂ ಹೆಚ್ಚು ಕೈದಿಗಳ ದಾಖಲೆ ನೋಡಿ 2011ರಲ್ಲಿ ಒಂದು ಅಧ್ಯಯನ ಹೊರತಂದಿತು. ಒಳಗಿದ್ದಾಗ ಒಮ್ಮೆಯಾದರೂ ಯಾರಾದರೂ ಬಂದು ನೋಡಿದ್ದವರು ಮತ್ತೆ ಗಂಭೀರ ಅಪರಾಧದಲ್ಲಿ ಶಿಕ್ಷೆಗೆ ಒಳಗಾಗುವ ಸಾಧ್ಯತೆ ನೂರಕ್ಕೆ 13ರಷ್ಟು ಕಡಿಮೆ ಇತ್ತು. ಇದು ಪ್ರಿಸನ್‌ಗಳ ಲೆಕ್ಕ, ಭೇಟಿಯ ಲೆಕ್ಕ. ಆದರೆ ಮನೆಯವರ ದನಿ ಮನುಷ್ಯನನ್ನು ಹಿಡಿದು ನಿಲ್ಲಿಸುತ್ತದೆ ಎನ್ನುವುದಕ್ಕೆ ಪರದೇಶದಲ್ಲಿ ಓದುತ್ತಿರುವ ನಮಗೆ ಅಧ್ಯಯನ ಬೇಕೇ? ಮಿಡ್‌ಟರ್ಮ್ ಕೆಟ್ಟ ದಿನ, ಇಂಟರ್ನ್‌ಶಿಪ್ ಕೈತಪ್ಪಿದ ದಿನ, ಫೆಬ್ರವರಿಯ ಹಿಮದಲ್ಲಿ ಬೇಗ ಕತ್ತಲಾದ ದಿನ ನಾವು ಏನು ಮಾಡುತ್ತೇವೆ ಹೇಳಿ.

ಇನ್ನು ಓದಿನ ವಿಷಯ. ಪ್ರಿಸನ್‌ನಲ್ಲಿ ಓದಿಸಿದರೆ ಲಾಭ ಎನ್ನುವುದು ಈಗ ವಾದದ ವಿಷಯವಾಗಿ ಉಳಿದಿಲ್ಲ. ರ‍್ಯಾಂಡ್ ಸಂಸ್ಥೆಯ 2013ರ ಅಧ್ಯಯನದಲ್ಲಿ ಒಳಗೆ ಓದಿದವರು ಮತ್ತೆ ಅಪರಾಧಕ್ಕೆ ಮರಳುವ ಸಂಭವ ಶೇ. 43ರಷ್ಟು ಕಡಿಮೆ ಎಂದು ಕಂಡುಬಂತು. ಓದಿಗೆ ಹಾಕಿದ ಒಂದೊಂದು ಡಾಲರಿಗೆ ಮತ್ತೆ ಸೆರೆಗೆ ಹಾಕುವ ಖರ್ಚಿನಲ್ಲಿ ನಾಲ್ಕೈದು ಡಾಲರ್ ಉಳಿತಾಯ ಅಂತಲೂ ಅದೇ ಅಧ್ಯಯನ ಹೇಳಿತು. 1994ರಲ್ಲಿ ಕೈದಿಗಳಿಗೆ ನಿಲ್ಲಿಸಿದ್ದ ಪೆಲ್ ಗ್ರಾಂಟ್ 2023ರ ಜುಲೈನಲ್ಲಿ ಮತ್ತೆ ಸಿಗುವಂತಾಯಿತು. ಆದರೆ ಕೌಂಟಿ ಜೈಲಿನ ಕಷ್ಟವೇ ಬೇರೆ. ಹೈಸ್ಕೂಲ್ ಸಮಾನವಾದ ಜಿಇಡಿ ಪರೀಕ್ಷೆಗೆ ನಾಲ್ಕು ವಿಷಯ. ಸರಾಸರಿ ಒಂದು ತಿಂಗಳು ಇರುವವನಿಗೆ ನಾಲ್ಕು ವಿಷಯ ಯಾವಾಗ ಮುಗಿಯಬೇಕು? ನನ್ನ ಕ್ಲಾಸಿನಲ್ಲಿ ಪ್ರತಿ ಗುರುವಾರ ಅರ್ಧ ಮುಖಗಳು ಹೊಸವು. ದಶಮಾಂಶ ಶುರು ಮಾಡಿದವನು ಶೇಕಡಾ ಬರುವಷ್ಟರಲ್ಲಿ ಮನೆಗೋ, ಪ್ರಿಸನ್ನಿಗೋ ಹೋಗಿರುತ್ತಿದ್ದ. ಮೊದಲ ತಿಂಗಳು ನನಗೆ ಇದು ನೀರಿನಲ್ಲಿ ಹೋಮ ಮಾಡಿದ ಹಾಗೆ ಅನ್ನಿಸಿತು. ಆಮೇಲೆ ಪಾಠವನ್ನು ಚಿಕ್ಕದು ಮಾಡಿದೆವು. ಒಂದು ಸಂಜೆಗೆ ಮುಗಿಯುವ ಪಾಠ: ಸಾಲದ ಬಡ್ಡಿ ಲೆಕ್ಕ, ಸಂಬಳದ ಚೀಟಿ ಓದುವುದು, ಬಾಡಿಗೆ ಕರಾರಿನ ಶೇಕಡಾ. ಹೊರಗೆ ಹೋದ ಮೇಲೆ ಮುಂದುವರಿಸಲು ಹತ್ತಿರದ ಕಮ್ಯುನಿಟಿ ಕಾಲೇಜಿನ ವಿಳಾಸದ ಒಂದು ಚೀಟಿ. ಜೈಲಿನ ಶಿಕ್ಷಣಕ್ಕೆ ಆ ಅಳತೆಯೇ ಸರಿ ಅಂತ ನನ್ನ ಅನುಭವ.

ಈಗೀಗ ಟ್ಯಾಬ್ಲೆಟ್ ಕೊಟ್ಟರೆ ಸಾಕು, ಮೇಷ್ಟ್ರು ಬೇಡ ಎನ್ನುವ ಗಾಳಿ ಬೀಸುತ್ತಿದೆ. ಎಂಜಿನಿಯರಾದ ನನಗೆ ಟ್ಯಾಬ್ಲೆಟ್ ಮೇಲೆ ಸಿಟ್ಟಿಲ್ಲ. ಆದರೆ 2019ರಲ್ಲಿ ವೆಸ್ಟ್ ವರ್ಜೀನಿಯಾದ ಪ್ರಿಸನ್‌ಗಳಲ್ಲಿ ಟ್ಯಾಬ್ಲೆಟ್ಟನ್ನು ಪುಕ್ಕಟೆ ಕೊಟ್ಟು, ಅದರಲ್ಲಿ ಓದಲು ನಿಮಿಷಕ್ಕೆ 3 ಸೆಂಟ್ ಇಟ್ಟಿದ್ದು ದೊಡ್ಡ ಸುದ್ದಿಯಾಗಿತ್ತು. ಆ ಪುಸ್ತಕಗಳು ನಾವು ನೀವು ಅಂತರ್ಜಾಲದಲ್ಲಿ ಕಾಸು ಕೊಡದೆ ಓದುವ, ಕೃತಿಸ್ವಾಮ್ಯ ಮುಗಿದ ಹಳೆಯ ಪುಸ್ತಕಗಳು. ನಿಧಾನ ಓದುವವನಿಗೆ ಹೆಚ್ಚು ಬಿಲ್ಲು. ಅಕ್ಷರ ಕೂಡಿಸಿ ಕೂಡಿಸಿ ಓದುವವನಿಗೆ ಇನ್ನೂ ಹೆಚ್ಚು.

ನನ್ನ ಕ್ಲಾಸಿನ ಆ ಫೋನ್ ಲೆಕ್ಕದವನ ಬಗ್ಗೆ ಒಂದು ಮಾತು ಬಾಕಿ ಇದೆ. ಕೇಸಿನ ಬಗ್ಗೆ ಕೇಳಬಾರದು ಎನ್ನುವುದು ನಮ್ಮ ತರಬೇತಿಯ ಮೊದಲ ನಿಯಮ. ನಾನು ಕೇಳಲಿಲ್ಲ. ಒಂದು ಗುರುವಾರ ಅವನೇ ಹೇಳಿದ. ಲೈಸೆನ್ಸ್ ಅಮಾನತಾಗಿದ್ದರೂ ಕೆಲಸಕ್ಕೆ ಕಾರು ಓಡಿಸಿಕೊಂಡು ಹೋಗಿದ್ದ. ಕೋರ್ಟಿನ ತಾರೀಖು ಒಂದು ತಪ್ಪಿಸಿದ್ದ. ಜಾಮೀನು ಎಷ್ಟು ಅಂತ ನಾನು ಕೇಳುವ ಮೊದಲೇ ಹೇಳಿದ: 500 ಡಾಲರ್. ಅವತ್ತಿಗೆ ಅವನು ಒಳಗೆ ಬಂದು 41 ದಿನವಾಗಿತ್ತು. ಗೋದಾಮಿನ ಕೆಲಸ ಎರಡನೇ ವಾರದಲ್ಲೇ ಹೋಗಿತ್ತು.

ನಾನು ಆ ರಾತ್ರಿ ಬಸ್ಸಿನಲ್ಲಿ ಬರುವಾಗ ನಮ್ಮ ವಾಟ್ಸ್ಯಾಪ್ ಗ್ರೂಪಿನ ಮಾರ್ಚ್ ತಿಂಗಳ ಮೆಸೇಜುಗಳನ್ನು ಮತ್ತೆ ತೆಗೆದು ನೋಡಿದೆ. "ನಂದು 50", "ನಂದು 40", "ನಾಳೆ ಸ್ಟೈಪೆಂಡ್ ಬರುತ್ತೆ, ಈಗ 20 ತಗೋ". ತಪ್ಪು ಹೆಚ್ಚುಕಮ್ಮಿ ಅದೇ. ಮೊತ್ತ ಅದೇ. ನಮ್ಮವನು 17 ಗಂಟೆ, ಇವನು 41 ದಿನ. ವ್ಯತ್ಯಾಸ ಇಷ್ಟೇ, ನಮ್ಮವನಿಗೆ ನಾವು ಹನ್ನೊಂದು ಜನ ಇದ್ದೆವು.

ನಮ್ಮ ಗೆಳೆಯನಿಗೆ ಕೊನೆಗೆ ಏನಾಯಿತು ಗೊತ್ತಾ? ನ್ಯಾಯಾಧೀಶರು ದಂಡ ಕಟ್ಟಿಸಿ, ಒಂದು ಡ್ರೈವಿಂಗ್ ತರಗತಿ ಮಾಡಿಸಿ, 20 ಗಂಟೆ ಫುಡ್ ಬ್ಯಾಂಕಿನಲ್ಲಿ ಕೆಲಸ ಮಾಡು ಅಂದರು. ಅವನು ಐದು ಶನಿವಾರ ಡಬ್ಬಿ ಜೋಡಿಸಿದ. ಈಗಲೂ ತಿಂಗಳಿಗೊಮ್ಮೆ ತಾನಾಗಿ ಹೋಗುತ್ತಾನೆ. ಪರ್ಯಾಯ ಶಿಕ್ಷೆ ಅಂದರೆ ಇದು. ಇದು ಹೊಸದೂ ಅಲ್ಲ. ಮಾದಕ ವ್ಯಸನದವರನ್ನು ಚಿಕಿತ್ಸೆಗೆ ಕಳಿಸಿ ನ್ಯಾಯಾಧೀಶರೇ ಮೇಲ್ವಿಚಾರಣೆ ಮಾಡುವ ಮೊದಲ ಡ್ರಗ್ ಕೋರ್ಟ್ ಮಯಾಮಿಯಲ್ಲಿ 1989ರಲ್ಲೇ ಶುರುವಾಯಿತು. ಮಾನಸಿಕ ಕಾಯಿಲೆ ಇದ್ದವರಿಗಾಗಿ 1997ರಲ್ಲಿ ಫ್ಲಾರಿಡಾದ ಬ್ರೋವರ್ಡ್ ಕೌಂಟಿಯಲ್ಲಿ ಪ್ರತ್ಯೇಕ ಕೋರ್ಟು ಬಂತು. ಇಲಿನಾಯ್ ರಾಜ್ಯ 2023ರ ಸೆಪ್ಟೆಂಬರಿನಲ್ಲಿ ದುಡ್ಡಿನ ಜಾಮೀನನ್ನೇ ಪೂರ್ತಿ ಕೈಬಿಟ್ಟ ಮೊದಲ ರಾಜ್ಯವಾಯಿತು. ಅಲ್ಲಿ ಈಗ ನ್ಯಾಯಾಧೀಶರು ನೋಡುವುದು ಇವನನ್ನು ಬಿಟ್ಟರೆ ಯಾರಿಗಾದರೂ ಅಪಾಯವೇ, ಓಡಿಹೋಗುತ್ತಾನೆಯೇ ಎಂದು. ಜೇಬಿನಲ್ಲಿ ಎಷ್ಟಿದೆ ಎಂದಲ್ಲ. ಲಿಟಲ್‌ನ ನಿಯಮ ನೆನಪಿದೆಯಲ್ಲ, ಒಳಗಿನ ಗುಂಪು ಕರಗಬೇಕಾದರೆ ಒಂದೋ ಬರುವವರು ಕಡಿಮೆಯಾಗಬೇಕು, ಇಲ್ಲವೇ ಇರುವ ಅವಧಿ ಕಡಿಮೆಯಾಗಬೇಕು. ಮೂರನೇ ದಾರಿ ಇಲ್ಲ. ದೊಡ್ಡ ಜೈಲು ಕಟ್ಟುವುದು ಕ್ಯೂ ನಿಲ್ಲಲು ಜಾಗ ಮಾಡಿಕೊಟ್ಟಂತೆ, ಅಷ್ಟೆ.

ಪರ್ಯಾಯ ಅಂದಿದ್ದೆಲ್ಲ ಒಳ್ಳೆಯದು ಅಂತಲೂ ಹೇಳಲಾರೆ. ಕಾಲಿಗೆ ಕಟ್ಟುವ ಎಲೆಕ್ಟ್ರಾನಿಕ್ ಪಟ್ಟಿಗೆ ಬಹಳ ಕೌಂಟಿಗಳಲ್ಲಿ ಕಟ್ಟಿಸಿಕೊಂಡವನೇ ದಿನವೂ ಬಾಡಿಗೆ ಕೊಡಬೇಕು. ಕೊಡದಿದ್ದರೆ ಮತ್ತೆ ಒಳಗೆ ಹೋಗುವ ಭಯ. ಅದು ಫೋನಿನ ಕಥೆಯೇ, ಬೇರೆ ಬಟ್ಟೆಯಲ್ಲಿ.

ಈ ಲೇಖನದ ಬಗ್ಗೆ ಹೇಳಿದಾಗ ನನ್ನ ಅಮ್ಮ ಫೋನಿನಲ್ಲಿ, "ಮಾಡಿದ್ದುಣ್ಣೋ ಮಹಾರಾಯ ಅಂತಾರೆ, ನಿನಗ್ಯಾಕೆ ಊರ ಉಸಾಬರಿ, ವೀಸಾ ಮೇಲೆ ಇರೋರು" ಅಂದರು. ಎರಡೂ ಆಕ್ಷೇಪಣೆ ಸಣ್ಣವಲ್ಲ. ಯಾರನ್ನೋ ಹೊಡೆದು ಬಡಿದು ಒಳಗೆ ಬಂದವರೂ ಇರುತ್ತಾರೆ, ಪೆಟ್ಟು ತಿಂದವರ ಮನೆಯವರ ನೋವು ನಿಜ. ಅಂಥವರನ್ನು ಬಿಟ್ಟುಬಿಡಿ ಅಂತ ನಾನು ಹೇಳುತ್ತಿಲ್ಲ. ಆದರೆ ಅಪರಾಧ ಸಾಬೀತಾಗದ 70 ಮಂದಿ ಏನು ಮಾಡಿದ್ದಾರೆ ಅಂತ ಉಣ್ಣಬೇಕು? ತಪ್ಪು ಮಾಡಿದವನ ಐದು ವರ್ಷದ ಮಗಳು ಏನು ಮಾಡಿದ್ದಾಳೆ?

ಅಮೆರಿಕವನ್ನು ಬೈದು ಕೈತೊಳೆದುಕೊಳ್ಳುವುದೂ ಬೇಡ. ನಮ್ಮ ದೇಶದ ಜೈಲುಗಳಲ್ಲೂ ನಾಲ್ವರಲ್ಲಿ ಮೂವರು ವಿಚಾರಣಾಧೀನರೇ. ಸಣ್ಣ ಅಪರಾಧಗಳಿಗೆ ಸಮುದಾಯ ಸೇವೆಯ ಶಿಕ್ಷೆ ನಮ್ಮ ದಂಡಸಂಹಿತೆಗೆ ಬಂದದ್ದು 2024ರ ಜುಲೈ 1ರಿಂದ, ಹೊಸ ನ್ಯಾಯಸಂಹಿತೆಯ ಜೊತೆ. ಆದರೆ ಒಳ್ಳೆಯ ಉದಾಹರಣೆಯೂ ನಮ್ಮಲ್ಲಿದೆ. ನಾನು ಮೈಸೂರಿನವನು. ರಂಗಾಯಣದ ಹುಲುಗಪ್ಪ ಕಟ್ಟೀಮನಿ ಅವರು ಜೈಲಿನ ಸಜಾಬಂಧಿಗಳಿಗೆ ನಾಟಕ ಕಲಿಸಿ, ಅವರನ್ನು ಹೊರಗಿನ ರಂಗಮಂದಿರಗಳಿಗೆ ಕರೆತಂದು ಆಡಿಸಿದವರು. ಚಿಕ್ಕವನಿದ್ದಾಗ ಅಪ್ಪ ಅಂಥದ್ದೊಂದು ನಾಟಕಕ್ಕೆ ಕರೆದುಕೊಂಡು ಹೋಗಿದ್ದರು. ನಾಟಕ ನೆನಪಿಲ್ಲ. ಮುಗಿದ ಮೇಲೆ ಬಣ್ಣ ಹಚ್ಚಿಕೊಂಡೇ ನಿಂತಿದ್ದ ಒಬ್ಬ ನಟನ ಕೆನ್ನೆಯನ್ನು ಒಬ್ಬ ಅಜ್ಜಿ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದು, ಪಕ್ಕದಲ್ಲಿದ್ದ ಪೊಲೀಸಿನವರು ಆ ಕಡೆ ತಿರುಗಿ ನಿಂತಿದ್ದು ನೆನಪಿದೆ.

ಹಾಗಾದರೆ ನಾವೇನು ಮಾಡಬಹುದು? ನಮಗೆ ಓಟಿಲ್ಲ, ನಿಜ. ಆದರೆ ಕೌಂಟಿ ಮಂಡಳಿಯ ಸಭೆಗಳಿಗೆ ಯಾರು ಬೇಕಾದರೂ ಹೋಗಿ ಕೂರಬಹುದು. ಜೈಲಿನ ಫೋನ್ ಗುತ್ತಿಗೆ ನವೀಕರಣ ಆಗುವುದು ಅಂಥ ಸಭೆಗಳಲ್ಲೇ, ಖಾಲಿ ಕುರ್ಚಿಗಳ ಮುಂದೆ. ಇಲ್ಲೇ ಹುಟ್ಟಿದ ನಮ್ಮ ಸಂಘದ ತಮ್ಮ ತಂಗಿಯರಿಗೆ ಓಟಿದೆ, ಶೆರಿಫ್ ಚುನಾವಣೆ ಅಂತ ಒಂದಿದೆ ಎನ್ನುವುದು ಅವರಿಗೆ ಗೊತ್ತಿರಲಿ. ವಾರಕ್ಕೆ ಒಂದೂವರೆ ಗಂಟೆ ಇರುವವರು ಗಣಿತಕ್ಕೋ, ಇಂಗ್ಲಿಷಿಗೋ ಸ್ವಯಂಸೇವಕರಾಗಬಹುದು. ಜೈಲಿಗೆ ಪುಸ್ತಕ ಕೊಡುವವರು ಮೊದಲು ನಿಯಮ ಕೇಳಿಕೊಳ್ಳಿ. ಬಹಳ ಕಡೆ ಗಟ್ಟಿ ರಟ್ಟಿನ ಪುಸ್ತಕ ಬಿಡುವುದಿಲ್ಲ, ಅಂಗಡಿಯಿಂದ ನೇರ ಬಂದ ಹೊಸ ಪೇಪರ್‌ಬ್ಯಾಕ್ ಮಾತ್ರ ತೆಗೆದುಕೊಳ್ಳುತ್ತಾರೆ.

ಫೋನ್ ಲೆಕ್ಕದವನು ಮರುವಾರದ ಗುರುವಾರ ಕ್ಲಾಸಿನಲ್ಲಿರಲಿಲ್ಲ. ಎಲ್ಲಿಗೆ ಹೋದ ಅಂತ ಕೇಳುವ ಹಾಗಿಲ್ಲ. ಮನೆಗೆ ಹೋಗಿರಲಿ, ಅಮ್ಮನ ಪಕ್ಕದಲ್ಲಿ ಕೂತು ಎಲ್ಲವನ್ನೂ ಎರಡೆರಡು ಸಲ ಹೇಳುತ್ತಿರಲಿ ಅಂದುಕೊಂಡೆ.

ಕೊನೆಯದಾಗಿ ಒಂದು ಕೆಲಸ, ಇವತ್ತೇ ಮಾಡುವಂಥದ್ದು. ಈ ದೇಶದಲ್ಲಿರುವ ಇಬ್ಬರು ಗೆಳೆಯರ ನಂಬರನ್ನು ಬಾಯಿಪಾಠ ಮಾಡಿ. ನಮ್ಮ ಮಾವ ಈಗ ನನ್ನ ನಂಬರನ್ನು ಮಗ್ಗಿ ಹೇಳಿದ ಹಾಗೆ ಹೇಳುತ್ತಾನೆ.